ಟೊಂಕ ನೋವಿಗೆ ಸೂಜಿ: ಎಷ್ಟು ಸಲ, ಎಲ್ಲಿಗೆ, ಯಾವಾಗ ಸಾಕು

ಪ್ರಶ್ನೆ: ನನಗೆ 43 ವರ್ಷ. ಕಲಬುರಗಿ ಗಂಜ್‌ನಲ್ಲಿ ಹಮಾಲಿ ಕೆಲಸ. ಐದು ತಿಂಗಳಿಂದ ಟೊಂಕ ಹಿಡಿದುಕೊಂಡಿದೆ. ಎಡಗಡೆ ಕುಂಡಿಯಿಂದ ತೊಡೆಯ ಹಿಂದೆ ಮೊಣಕಾಲಿನ ತನಕ ಜಗ್ಗುತ್ತದೆ, ಬಗ್ಗಿದರೆ ಚಳಕು ಬರುತ್ತದೆ. ಎಂಆರ್‌ಐಯಲ್ಲಿ ‘ಎಲ್4-ಎಲ್5 ಡಿಸ್ಕ್ ಬಲ್ಜ್’ ಎಂದು ಬಂದಿದೆ, ಅಂದರೆ ಸೊಂಟದ ನಾಲ್ಕು ಮತ್ತು ಐದನೆಯ ಎಲುಬುಗಳ ನಡುವಿನ ಮೆತ್ತೆ ಉಬ್ಬಿದೆಯಂತೆ. ಮೂರು ವರ್ಷದಿಂದ ಸಕ್ಕರೆ ಕಾಯಿಲೆಗೆ ಗುಳಿಗೆ ತಗೊಳ್ತೀನಿ. ನೋವು ಜೋರಾದ ದಿನ ಡೈಕ್ಲೋಫೆನಾಕ್ ನುಂಗಿ, ಬೆಲ್ಟ್ ಕಟ್ಟಿಕೊಂಡು ಕೆಲಸಕ್ಕೆ ಹೋಗ್ತೀನಿ. ಅಕ್ಯುಪಂಕ್ಚರ್ (ಮೈಗೆ ಸಣ್ಣ ಸೂಜಿ ಚುಚ್ಚುವ ಚೀನೀ ಚಿಕಿತ್ಸೆ) ಮಾಡುವವರೊಬ್ಬರು ನಾಡಿ ನೋಡಿ, ‘ಕಿಡ್ನಿ ವೀಕ್ ಆಗಿದೆ, 15 ಸಿಟ್ಟಿಂಗ್ ಬೇಕು, ದುಡ್ಡು ಮೊದಲೇ ಕಟ್ಟಬೇಕು’ ಎಂದರು. ಗೆಳೆಯ ಬಟ್ಟಲು ಕೂರಿಸುವ ಹಿಜಾಮಾ ಮಾಡಿಸು ಅಂತಾನೆ, ಅವ್ವ ಟೊಂಕದ ಮೇಲೆ ಬೆಚ್ಚಗಿನ ಎಣ್ಣೆ ನಿಲ್ಲಿಸುವ ಕಟಿಬಸ್ತಿ ಅಂತಾಳೆ. ಯಾವುದನ್ನು ಮಾಡಿಸಲಿ? ಸೂಜಿಯಿಂದ ಉಬ್ಬಿದ ಡಿಸ್ಕ್ ಮತ್ತೆ ಒಳಗೆ ಹೋಗುತ್ತದೆಯೇ?

ಉತ್ತರ:

ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ಸೂಜಿಯಿಂದ ಉಬ್ಬಿದ ಡಿಸ್ಕ್ ಮತ್ತೆ ಒಳಗೆ ಹೋಗುವುದಿಲ್ಲ. ಹಿಜಾಮಾದ ಬಟ್ಟಲಿಂದಲೂ ಹೋಗದು, ಕಟಿಬಸ್ತಿಯ ಎಣ್ಣೆ ಅಷ್ಟು ಆಳಕ್ಕೆ ಇಳಿಯುವುದೂ ಇಲ್ಲ. ಅಕ್ಯುಪಂಕ್ಚರ್ ಸೂಜಿ ಹೋಗಿ ನಿಲ್ಲುವುದು ಬೆನ್ನೆಲುಬಿನ ಪಕ್ಕದ ಸ್ನಾಯುವಿನಲ್ಲಿ. ಡಿಸ್ಕ್ ಇರುವುದು ಇನ್ನೂ ಆಳದಲ್ಲಿ, ಎಲುಬಿನ ಮರೆಗೆ. ಸೂಜಿಯ ಕೈಲಾಗುವುದು ಇಷ್ಟು: ಕೆಲವು ತಾಸು, ಕೆಲವು ದಿನ ನೋವನ್ನು ತಗ್ಗಿಸಿ, ಬಿಗಿದ ಸ್ನಾಯುವನ್ನು ಸಡಿಲಗೊಳಿಸುವುದು. ಆ ಬಿಡುವಿನಲ್ಲಿ ನೀವು ನಡೆದಾಡಿ ವ್ಯಾಯಾಮ ಮಾಡಿದರೆ ಗುಣ ಉಳಿಯುತ್ತದೆ. ಅದೇ ಬಿಡುವಿನಲ್ಲಿ ಮತ್ತೆ ಚೀಲ ಹೊತ್ತರೆ ಹದಿನೈದು ಯಾಕೆ, ಐವತ್ತು ಸಿಟ್ಟಿಂಗ್ ಆದರೂ ನೋವು ಮೊದಲಿದ್ದಲ್ಲಿಗೇ ಬಂದು ಕೂರುತ್ತದೆ.

‘ಬಲ್ಜ್’ ಎಂಬ ಪದಕ್ಕೆ ಅಂಜಬೇಡಿ. ಟೊಂಕ ನೋವೇ ಇಲ್ಲದ ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ ವಿಮರ್ಶೆಯೊಂದು 2015ರಲ್ಲಿ ಪ್ರಕಟವಾಯಿತು. 40ರ ವಯಸ್ಸಿನವರಲ್ಲಿ ಅರ್ಧದಷ್ಟು ಮಂದಿಗೆ ಡಿಸ್ಕ್ ಉಬ್ಬಿತ್ತು. 20 ವರ್ಷದವರಲ್ಲೂ ನೂರಕ್ಕೆ 30 ಮಂದಿಗೆ. ಅಂದರೆ ನಿಮ್ಮ ಜೊತೆ ಚೀಲ ಹೊರುವ, ಯಾವ ನೋವೂ ಇಲ್ಲದ ಗೆಳೆಯರನ್ನು ಸ್ಕ್ಯಾನ್ ಮಾಡಿಸಿದರೂ ಹಲವರ ರಿಪೋರ್ಟಿನಲ್ಲಿ ಇದೇ ಸಾಲು ಇರುತ್ತದೆ. ಆ ಮಟ್ಟದಲ್ಲಿ ನರ ನಿಜವಾಗಿ ಒತ್ತಿಕೊಂಡಿದ್ದರೆ ನೋವು ಸಾಮಾನ್ಯವಾಗಿ ಮೊಣಕಾಲ ಕೆಳಗೂ ಇಳಿದು, ಮೀನಖಂಡದ ಹೊರಮಗ್ಗುಲಲ್ಲಿ ಹಾದು, ಪಾದದ ಮೇಲೆ ಹೆಬ್ಬೆರಳಿನ ತನಕ ಹೋಗುತ್ತದೆ. ನಿಮ್ಮದು ಮೊಣಕಾಲ ಹಿಂದೆಯೇ ನಿಂತಿದೆ. ಟೊಂಕದ ಕೀಲು, ಕುಂಡಿಯ ಸ್ನಾಯು ಬಿಗಿದುಕೊಂಡಾಗಲೂ ನೋವು ಇದೇ ಹಾದಿಯಲ್ಲಿ ಜಗ್ಗುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ, ತುದಿಗಾಲಲ್ಲಿ ಹತ್ತು ಹೆಜ್ಜೆ ನಡೆಯಿರಿ. ಎಡಪಾದದ ಮುಂಭಾಗ ಎತ್ತಲಾಗದೆ ನೆಲಕ್ಕೆ ಪಟಪಟ ಬಡಿಯುತ್ತಿದ್ದರೆ, ಇಲ್ಲವೆ ಎಡ ಹಿಮ್ಮಡಿ ಮೇಲೇಳದಿದ್ದರೆ ನರದ ಬಲ ಕುಗ್ಗಿದೆ ಎಂದರ್ಥ. ಸೂಜಿ ಬದಿಗಿಟ್ಟು ಮೂಳೆ ಅಥವಾ ನರರೋಗ ತಜ್ಞರಲ್ಲಿಗೆ ಹೋಗಬೇಕು. ಮೂತ್ರ ಕಟ್ಟುವುದು, ಗೊತ್ತಿಲ್ಲದೆ ಸೋರುವುದು, ಸೈಕಲ್ ಸೀಟಿಗೆ ತಾಗುವ ಜಾಗವೆಲ್ಲ ಜೋಮು ಹಿಡಿಯುವುದು ಕಂಡರೆ ಅದು ತುರ್ತು. ಬೆಳಗಿನ ತನಕ ಕಾಯದೆ ಅದೇ ರಾತ್ರಿ ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ಗೋ ಹತ್ತಿರದ ದೊಡ್ಡ ಆಸ್ಪತ್ರೆಗೋ ಹೋಗಬೇಕು, ಬೀದರಿನವರಾದರೆ ಅಲ್ಲಿನ ಸರ್ಕಾರಿ ಆಸ್ಪತ್ರೆ ಬ್ರಿಮ್ಸ್‌ಗೆ.

ನಮ್ಮ ಭಾಗದಲ್ಲಿ ಟೊಂಕ ನೋವಿನ ವೇಷ ಹಾಕಿ ಬರುವ ಬೇರೆ ರೋಗಗಳೂ ಇವೆ. ಸಂಜೆ ಸಣ್ಣ ಜ್ವರ, ತೂಕ ಇಳಿಕೆ, ಒಂದೇ ಎಲುಬಿನ ಮೇಲೆ ಬೆರಳಿಂದ ತಟ್ಟಿದರೆ ಜೀವ ಹೋಗುವಂಥ ನೋವು: ಇದು ಬೆನ್ನೆಲುಬಿನ ಕ್ಷಯ ಇರಬಹುದು. ಪಕ್ಕೆಯಿಂದ ತೊಡೆಸಂದಿಗೆ ಅಲೆಅಲೆಯಾಗಿ ಬಂದು ಹೊರಳಾಡಿಸುವ ನೋವು ಮೂತ್ರದ ಕಲ್ಲಿನದು. ಮೇ ತಿಂಗಳ ಬಿಸಿಲಲ್ಲಿ ನೀರು ಕುಡಿಯದೆ ದುಡಿಯುವವರಿಗೆ ಅದು ಹೊಸದೇನಲ್ಲ. ಯಾದಗಿರಿ, ಕಲಬುರಗಿ ಜಿಲ್ಲೆಗಳಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಹಳ್ಳಿಗಳಿವೆ. ಅಲ್ಲಿ ಹುಟ್ಟಿ ಬೆಳೆದವರ ಹಲ್ಲಿನ ಮೇಲೆ ಕಂದು ಪಟ್ಟಿ ಇದ್ದು, ಟೊಂಕದ ಜೊತೆ ಕುತ್ತಿಗೆಯೂ ಮರದ ಕೊರಡಿನಂತೆ ಬಿಗಿದಿದ್ದರೆ ಮೊದಲು ನೀರಿನ ಪರೀಕ್ಷೆ ಆಗಬೇಕು, ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲ. ಇವು ಯಾವುದಕ್ಕೂ ಸೂಜಿ ಮದ್ದಲ್ಲ.

ಇನ್ನು ‘ಕಿಡ್ನಿ ವೀಕ್’. ನಿಮ್ಮ ನಿದ್ದೆ ಕೆಡಿಸಿರುವುದು ಬಹುಶಃ ಈ ಮಾತೇ. ಚೀನೀ ವೈದ್ಯದಲ್ಲಿ ಕಿಡ್ನಿ ಎಂದರೆ ಮೂತ್ರ ಸೋಸುವ ಅಂಗ ಮಾತ್ರವಲ್ಲ. ಟೊಂಕ, ಮೊಣಕಾಲು, ಎಲುಬು, ಮುಪ್ಪು ಎಲ್ಲವೂ ಅದರ ಲೆಕ್ಕಕ್ಕೇ ಬರುತ್ತವೆ. ಹಳೆಯ ಟೊಂಕ ನೋವಿನ ಯಾರು ಹೋದರೂ ಅಲ್ಲಿ ‘ಕಿಡ್ನಿ ಶಕ್ತಿ ಕಡಿಮೆ’ ಅಂತ ಹೇಳುವುದು ರೂಢಿ. ಅದು ಆ ಶಾಸ್ತ್ರದ ಪರಿಭಾಷೆ. ನಿಮ್ಮ ಮೂತ್ರಪಿಂಡದ ನಿಜಸ್ಥಿತಿ ನಾಡಿಯಲ್ಲಿ ತಿಳಿಯುವುದಿಲ್ಲ. ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ನೋಡಿದರೆ ತಿಳಿಯುತ್ತದೆ. ಸಕ್ಕರೆ ಕಾಯಿಲೆ ಇರುವುದರಿಂದ ಇವೆರಡನ್ನೂ ವರ್ಷಕ್ಕೊಮ್ಮೆ ಹೇಗಿದ್ದರೂ ಮಾಡಿಸಬೇಕು. ಪರಿಭಾಷೆಯ ‘ಕಿಡ್ನಿ’ಗೆ ಹೆದರಿಸಿ ಮುಂಗಡ ಕಟ್ಟಿಸಿಕೊಳ್ಳುವುದು ಮಾತ್ರ ಸರಿಯಲ್ಲ.

ಹಾಗಾದರೆ ಸೂಜಿ ದಂಡವೇ? ಇಲ್ಲ. ಜರ್ಮನಿಯಲ್ಲಿ 1162 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ ಹಳೆಯ ಟೊಂಕ ನೋವಿನವರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಅಕ್ಯುಪಂಕ್ಚರ್ ಶಾಸ್ತ್ರ ಹೇಳುವ ಬಿಂದುಗಳಲ್ಲಿ ಸೂಜಿ, ಒಂದಕ್ಕೆ ಆ ಬಿಂದುಗಳಲ್ಲದ ಜಾಗದಲ್ಲಿ ಮೇಲುಮೇಲೆ ಚುಚ್ಚಿದ ಹುಸಿ ಸೂಜಿ, ಮೂರನೆಯದಕ್ಕೆ ಮಾತ್ರೆ, ವ್ಯಾಯಾಮದಂಥ ಮಾಮೂಲಿ ಚಿಕಿತ್ಸೆ. ಆರು ತಿಂಗಳ ಮೇಲೆ ನೋಡಿದಾಗ ಮೊದಲ ಗುಂಪಿನಲ್ಲಿ ಶೇ 47.6, ಎರಡನೆಯದರಲ್ಲಿ ಶೇ 44.2, ಮೂರನೆಯದರಲ್ಲಿ ಶೇ 27.4 ಮಂದಿಗೆ ಗುಣ ಕಂಡಿತ್ತು. ಈ ಮೂರು ಅಂಕಿಗಳನ್ನು ಜೊತೆಗಿಟ್ಟು ಓದಬೇಕು. ಸೂಜಿ ಚುಚ್ಚಿಸಿಕೊಂಡವರಿಗೆ ಮಾಮೂಲಿ ಚಿಕಿತ್ಸೆಯವರಿಗಿಂತ ಚೆನ್ನಾಗಿ ಆಯಿತು, ನಿಜ. ಆದರೆ ಎಲ್ಲಿ ಚುಚ್ಚಿದರು ಎಂಬುದರಿಂದ ಹೆಚ್ಚು ವ್ಯತ್ಯಾಸವಾಗಲಿಲ್ಲ. ‘ನಮ್ಮ ಗುರುಗಳ ಗುಟ್ಟಿನ ಬಿಂದು’ ಎಂದು ಹೆಚ್ಚಿಗೆ ದುಡ್ಡು ಕೇಳುವವರಿಗೆ ಅಲ್ಲೇ ಉತ್ತರ ಸಿಕ್ಕಂತಾಯಿತು. ದೇಶದೇಶಗಳ ಮಾರ್ಗಸೂಚಿಗಳೂ ಇದೇ ಕಾರಣಕ್ಕೆ ಒಂದೊಂದು ದಿಕ್ಕಿಗಿವೆ: ಇಂಗ್ಲೆಂಡಿನದು 2016ರಲ್ಲಿ ಬೇಡ ಅಂದಿತು, ಅಮೆರಿಕದ ವೈದ್ಯರ ಸಂಘದ್ದು 2017ರಲ್ಲಿ ಆಗಬಹುದು ಅಂದಿತು, ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹಳೆಯ ಟೊಂಕ ನೋವಿಗೆ ಷರತ್ತಿನ ಮೇಲೆ ಒಪ್ಪಿತು. ಸರಿಯಾಗಿ ಮಾಡಿದರೆ ಅಪಾಯ ಕಡಿಮೆ, ಮಾತ್ರೆಯ ಹೊರೆ ಇಳಿಯುತ್ತದೆ. ಅಷ್ಟರ ಮಟ್ಟಿಗೆ ಐದು ತಿಂಗಳ ನೋವಿಗೆ ಪ್ರಯತ್ನಿಸಿ ನೋಡಲು ಯೋಗ್ಯ.

(ಇದು ಮೊನ್ನೆ ಮೊನ್ನೆ ಬಂದ ವಿದ್ಯೆಯೂ ಅಲ್ಲ. 1938ರಲ್ಲಿ ಚೀನಾಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲಿ ನಮ್ಮ ಪಕ್ಕದ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಅಲ್ಲೇ ತೀರಿಕೊಂಡರು. ಅದೇ ತಂಡದ ಡಾ. ಬಿ.ಕೆ. ಬಸು 1950ರ ದಶಕದ ಕೊನೆಗೆ ಮತ್ತೆ ಹೋಗಿ ಅಕ್ಯುಪಂಕ್ಚರ್ ಕಲಿತು ಭಾರತಕ್ಕೆ ತಂದರು.)

ಸಿಟ್ಟಿಂಗ್ ಹೇಗಿರಬೇಕು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ, ನೀವೇ ಕಣ್ಣಿಟ್ಟು ನೋಡಬಹುದು. ಬೋರಲು ಮಲಗಿಸಿ ಹೊಟ್ಟೆಯ ಕೆಳಗೆ ತಲೆದಿಂಬು ಇಡುತ್ತಾರೆ. ಟೊಂಕದ ಹಳ್ಳ ಸಮವಾಗಿ ಸ್ನಾಯು ಸಡಿಲಾಗಲಿ ಅಂತ. ಎರಡೂ ಕಡೆಯ ಸೊಂಟದೆಲುಬಿನ ಮೇಲಂಚನ್ನು ಅಡ್ಡ ಗೆರೆಯಲ್ಲಿ ಸೇರಿಸಿದರೆ ಅದು ಸೊಂಟದ ನಾಲ್ಕನೆಯ ಕಶೇರುವಿನ (ಬೆನ್ನೆಲುಬಿನ ಬಿಡಿ ಎಲುಬಿನ) ಹತ್ತಿರ ಹಾಯುತ್ತದೆ. ಅಲ್ಲಿಂದ ಆಚೀಚೆ ಎರಡು ಬೆರಳಿನಗಲಕ್ಕೆ ಒಂದು ಜೋಡಿ ಬಿಂದು, ಎರಡು ಕಶೇರು ಮೇಲೆ ಇನ್ನೊಂದು ಜೋಡಿ. ಬೆರಳಿನಗಲ ಎಂದರೆ ರೋಗಿಯ ಬೆರಳಿನದು, ಚುಚ್ಚುವವರದಲ್ಲ. ಆಮೇಲೆ ಕುಂಡಿಯಲ್ಲಿ ಒಂದು, ಮೊಣಕಾಲ ಹಿಂದಿನ ಮಡಿಕೆಯ ನಡುವೆ ಒಂದು, ಹೊರ ಹರಡು ಮತ್ತು ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವಿನ ನಡುವಿನ ಹಳ್ಳದಲ್ಲಿ ಒಂದು. ಒಟ್ಟು ಏಳು–ಹನ್ನೆರಡು ಸೂಜಿ. ಮೂವತ್ತು ಸೂಜಿ ಚುಚ್ಚಿದರೆ ಗುಣ ಮೂರು ಪಟ್ಟು ಅನ್ನುವ ಲೆಕ್ಕವಿಲ್ಲ.

ಸೂಜಿ ಬೆನ್ನಿಗೆ ಸಾಮಾನ್ಯವಾಗಿ 0.25 ಮಿ.ಮೀ. ದಪ್ಪ, 40 ಮಿ.ಮೀ. ಉದ್ದದ್ದು, ಕುಂಡಿಗೆ ಮಾಂಸ ಹೆಚ್ಚಿರುವುದರಿಂದ 50ರಿಂದ 75 ಮಿ.ಮೀ. ಇಂಜೆಕ್ಷನ್ ಸೂಜಿಯಂತೆ ಇದಕ್ಕೆ ಟೊಳ್ಳಿಲ್ಲ, ಒಳಗೆ ಮದ್ದು ಬಿಡುವುದೂ ಇಲ್ಲ. ಮುಚ್ಚಿದ ಪ್ಯಾಕೆಟ್ ನಿಮ್ಮ ಕಣ್ಣ ಮುಂದೆ ಒಡೆಯಬೇಕು. ಡಬ್ಬಿಯಲ್ಲಿ ಸ್ಪಿರಿಟ್‌ನಲ್ಲಿ ಅದ್ದಿಟ್ಟ ಸೂಜಿ ತೆಗೆದರೆ ಎದ್ದು ಬನ್ನಿ. ಕಾಮಾಲೆಯ ಬಿ, ಸಿ ವೈರಸ್ಸಿಗೆ ಸ್ಪಿರಿಟ್ಟಿನಲ್ಲಿ ಅದ್ದುವುದು ಸಾಲದು. ಮಂಚದ ಹತ್ತಿರ ಬಳಸಿದ ಸೂಜಿ ಹಾಕುವ ಬಿಳಿ, ಚುಚ್ಚದಂಥ ಗಟ್ಟಿ ಡಬ್ಬಿ ಇದೆಯೇ ನೋಡಿ. 2016ರ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ಚೂಪು ವಸ್ತುಗಳಿಗೆ ಹೇಳಿರುವುದು ಅದೇ. ಗೋಡೆಯ ಸರ್ಟಿಫಿಕೇಟ್‌ಗಿಂತ ಆ ಡಬ್ಬಿ ಹೆಚ್ಚು ಸತ್ಯ ಹೇಳುತ್ತದೆ. ಸರ್ಟಿಫಿಕೇಟನ್ನೂ ಓದಿ: ಕೇಂದ್ರ ಸರ್ಕಾರ 2019ರಲ್ಲಿ ಅಕ್ಯುಪಂಕ್ಚರನ್ನು ಮಾನ್ಯ ಮಾಡಿದೆ, ಆದರೆ ಎರಡು ದಿನದ ಶಿಬಿರದಲ್ಲಿ ಕಲಿತವರನ್ನೆಲ್ಲ ಮಾನ್ಯ ಮಾಡಿದೆ ಎಂದಲ್ಲ. ವೈದ್ಯಕೀಯ ನೋಂದಣಿ ಇರುವವರು ಅಥವಾ ಸೂಜಿ ಹಾಕುವುದನ್ನು ತರಬೇತಾಗಿ ಕಲಿತ ಫಿಸಿಯೋಥೆರಪಿಸ್ಟ್ ಆದರೆ ಲೇಸು.

ಸೂಜಿ ಚರ್ಮ ದಾಟುವಾಗ ಸೊಳ್ಳೆ ಕಚ್ಚಿದಷ್ಟು. ಒಳಗೆ ಹೋಗಿ ಸ್ವಲ್ಪ ತಿರುಗಿಸಿದಾಗ ಮಂದವಾದ ಭಾರ, ಜಗ್ಗಿದ ಹಾಗೆ, ಸುತ್ತ ಹರಡುವ ಜುಮ್ಮೆನಿಸುವಿಕೆ ಬರಬೇಕು. ಮಿಂಚು ಹೊಡೆದಂತೆ ಕಾಲಿನುದ್ದಕ್ಕೂ ಶಾಕ್ ಹೋದರೆ ಸೂಜಿ ನರಕ್ಕೆ ತಾಗಿದೆ. ‘ಅದೇ ಗುಣದ ಲಕ್ಷಣ, ತಡಕೊಳ್ರಿ’ ಅಂದರೆ ಒಪ್ಪಬೇಡಿ. ಸ್ವಲ್ಪ ಹಿಂದಕ್ಕೆ ಎಳೆಯಲು ಹೇಳಿ. 20–30 ನಿಮಿಷ ಅಲ್ಲಾಡದೆ ಮಲಗಬೇಕು. ಕೆಮ್ಮು ಬಂದರೆ, ಮಗ್ಗುಲಾಗಬೇಕೆನಿಸಿದರೆ ಕೂಗಿ ಹೇಳಿ, ಯಾಕೆಂದರೆ ಸ್ನಾಯು ಬಿಗಿದ ಕೂಡಲೇ ಸೂಜಿ ಬಾಗುತ್ತದೆ, ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡ ಸೂಜಿಯನ್ನು ಜಗ್ಗಿ ಎಳೆಯಬಾರದು. ಎರಡು ನಿಮಿಷ ಬಿಟ್ಟು, ಸುತ್ತ ಬೆರಳಿಂದ ತಟ್ಟಿ, ಸ್ನಾಯು ಸಡಿಲಾದ ಮೇಲೆ ತೆಗೆಯಬೇಕು. ಹಾಕಿದ್ದೆಷ್ಟು, ತೆಗೆದದ್ದೆಷ್ಟು ಎಂದು ಎಣಿಸುವವರು ಒಳ್ಳೆಯ ಕೈಯವರು.

ಆಳದ ವಿಷಯ. ಟೊಂಕದ ಎರಡು ಜೋಡಿಗಳಲ್ಲಿ ಮೇಲುಗಡೆಯ ಜೋಡಿ ಬಿಂದುವಿಗೆ ಚೀನೀ ಹೆಸರೇ ‘ಕಿಡ್ನಿ ಬಿಂದು’. ಅದರಡಿ ಆಳದಲ್ಲಿ ನಿಜವಾದ ಮೂತ್ರಪಿಂಡವೂ ಇದೆ! ಅಲ್ಲಿ ಸುಮಾರು 2.5 ಸೆಂ.ಮೀ. ಒಳಗೇ ಉಳಿಯಬೇಕು, ಸೂಜಿಯ ಮೊನೆ ಬೆನ್ನೆಲುಬಿನ ಕಡೆ ವಾಲಬೇಕು. ಹೊರಮುಖವಾಗಿ ಆಳಕ್ಕೆ ಹೋಗಬಾರದು. ಇನ್ನೂ ಮೇಲೆ, ಪಕ್ಕೆಲುಬಿನ ಮಟ್ಟಕ್ಕೆ ನೇರ ಆಳವಾಗಿ ಚುಚ್ಚಿದರೆ ಶ್ವಾಸಕೋಶಕ್ಕೆ ತೂತಾಗುವ ಅಪಾಯ. ಸೂಜಿಯ ನಂತರ ಎದೆಯಲ್ಲಿ ಚುಚ್ಚು ನೋವು, ಏದುಸಿರು ಬಂದರೆ, ಸಂಜೆಯಾದರೂ ಸರಿ, ಎದೆಯ ಎಕ್ಸ್‌ರೇ ಮಾಡಿಸಬೇಕು. ಮೊಣಕಾಲ ಹಿಂದಿನ ಬಿಂದುವಿನಡಿ ದೊಡ್ಡ ರಕ್ತನಾಳವಿದೆ, ಅಲ್ಲಿ ಮೇಲುಮೇಲೆ ಸಾಕು. ಸೂಜಿಗೆ ವಿದ್ಯುತ್ ಕ್ಲಿಪ್ ಹಾಕುವುದಾದರೆ ಸೆಕೆಂಡಿಗೆ ಎರಡರಿಂದ ನಾಲ್ಕು ಬಡಿತದಂತೆ, ಸ್ನಾಯು ತಟ್‌ತಟ್ ಎಂದು ಕುಣಿಯುವಷ್ಟು, ನೋಯದಷ್ಟು, 20 ನಿಮಿಷ. ಪೇಸ್‌ಮೇಕರ್ ಇದ್ದವರಿಗೆ ಅದು ಬೇಡ. ಬಸುರಿಯರು ಮೊದಲೇ ತಿಳಿಸಬೇಕು; ಕೆಳಬೆನ್ನಿನ, ಹರಡಿನ ಕೆಲವು ಬಿಂದುಗಳನ್ನು ಅವರಿಗೆ ಬಿಡುತ್ತಾರೆ. ರಕ್ತ ತೆಳುವಾಗುವ ಗುಳಿಗೆ ನುಂಗುವವರೂ ಮೊದಲೇ ತಿಳಿಸಬೇಕು.

ನಿಮಗೆ ಮುಖ್ಯವಾದ ಎಚ್ಚರ ಬೇರೆ ಇದೆ. ಸಕ್ಕರೆ ಗುಳಿಗೆ ನುಂಗಿ, ಊಟ ಬಿಟ್ಟು, ಬಿಸಿಲಲ್ಲಿ ಬಂದು ಮಲಗಿದರೆ ಬೆವರಿ ತಲೆ ತಿರುಗಬಹುದು. ಅದು ಸೂಜಿಯ ಅಂಜಿಕೆಯೂ ಇರಬಹುದು, ಸಕ್ಕರೆ ಇಳಿದದ್ದೂ ಇರಬಹುದು. ಗ್ಲಿಮೆಪಿರೈಡ್ ಇರುವ ಗುಳಿಗೆಯಾದರೆ ಎರಡನೆಯದರ ಸಾಧ್ಯತೆ ದೊಡ್ಡದು. ಒಂದೆರಡು ತಾಸು ಮೊದಲು ರೊಟ್ಟಿ ಊಟ ಮಾಡಿ, ನೀರು ಕುಡಿದು ಹೋಗಿ. ಜೇಬಿನಲ್ಲಿ ಬೆಲ್ಲವೋ ಸಕ್ಕರೆಯೋ ಇರಲಿ. ತಲೆ ತಿರುಗಿದರೆ ಸೂಜಿ ಎಲ್ಲ ತೆಗೆಸಿ, ಕಾಲು ಮೇಲೆ ಮಾಡಿ ಮಲಗಿ, ಸಿಹಿ ತಿನ್ನಿ.

ಎಷ್ಟು ಸಲ? ವಾರಕ್ಕೆ ಎರಡರಂತೆ ಆರು ಸಲ ಮಾಡಿಸಿ, ಒಂದೊಂದಕ್ಕೆ ಒಂದೊಂದು ಸಲ ದುಡ್ಡು ಕೊಡಿ. ಮೊದಲ ದಿನವೇ ಒಂದು ಚೀಟಿಯಲ್ಲಿ ಮೂರು ಸಂಗತಿ ಬರೆದಿಡಿ: 10ಕ್ಕೆ ನೋವು ಎಷ್ಟು, ನೋವು ಶುರುವಾಗುವ ಮೊದಲು ಎಷ್ಟು ನಿಮಿಷ ನಡೆಯುತ್ತೀರಿ, ವಾರಕ್ಕೆ ಎಷ್ಟು ಡೈಕ್ಲೋಫೆನಾಕ್. ಆರು ಮುಗಿದ ಮೇಲೆ ನೋವು 7ರಿಂದ 5ಕ್ಕಾದರೂ ಇಳಿದಿದ್ದರೆ, ನಡಿಗೆ ಹೆಚ್ಚಿದ್ದರೆ, ವಾರಕ್ಕೊಂದರಂತೆ ಇನ್ನು ನಾಲ್ಕು. ಚೀಟಿ ಬದಲಾಗದಿದ್ದರೆ ಅಲ್ಲಿಗೆ ಸಾಕು; ಏಳನೆಯದು ಪವಾಡ ಮಾಡುವುದಿಲ್ಲ. ಮೊದಲೆರಡು ಸಲದ ಮರುದಿನ ನೋವು ತುಸು ಏರುವುದುಂಟು, ಅದನ್ನು ಸೋಲೆಂದು ಲೆಕ್ಕ ಹಿಡಿಯಬೇಡಿ.

ಹಿಜಾಮಾ ಬಗ್ಗೆ. ಬರೀ ಬಟ್ಟಲು ಕೂರಿಸಿ ಗಾಳಿ ಎಳೆಯುವುದಾದರೆ 5–10 ನಿಮಿಷ ಸಾಕು. ಬಿಗಿದ ಸ್ನಾಯುವಿಗೆ ಹಿತವೆನಿಸುತ್ತದೆ, ನೇರಳೆ ಗುರುತು ವಾರದ ಮೇಲೆ ಮಾಸುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಗುಳ್ಳೆ ಏಳುತ್ತದೆ. ಬ್ಲೇಡಿನಿಂದ ಗೀರಿ ರಕ್ತ ತೆಗೆಯುವುದು ಮಾತ್ರ ನಿಮಗೆ ಬೇಡ ಎಂದೇ ನಮ್ಮ ಮಾತು. ಸಕ್ಕರೆ ಹಿಡಿತದಲ್ಲಿಲ್ಲದಿದ್ದರೆ ಗೀರುಗಳು ಕೀವಾಗುತ್ತವೆ, ಬಟ್ಟಲು ಹೊಸದಲ್ಲದಿದ್ದರೆ ಕಾಮಾಲೆ ವೈರಸ್ ಬರಬಹುದು. ಬಟ್ಟಲಲ್ಲಿ ಕಪ್ಪಗೆ ಲೋಳೆಯಾಗಿ ನಿಲ್ಲುವುದನ್ನು ‘ಕೆಟ್ಟ ರಕ್ತ’ ಎಂದು ತೋರಿಸುತ್ತಾರೆ. ಚರ್ಮದ ಸಣ್ಣ ನಾಳಗಳ ರಕ್ತ ಬಟ್ಟಲಲ್ಲಿ ಹೆಪ್ಪುಗಟ್ಟಿದರೆ ಯಾರದ್ದಾದರೂ ಹಾಗೆಯೇ ಕಾಣುತ್ತದೆ. ಮಾಚಿಪತ್ರೆ ಜಾತಿಯ ಒಣ ಎಲೆಯ ಕಡ್ಡಿ ಹೊತ್ತಿಸಿ ಬಿಂದುವಿಗೆ ಕಾವು ಕೊಡುವ ಮಾಕ್ಸಾ ಕೂಡ ಸಕ್ಕರೆಯವರಿಗೆ ಜೋಪಾನ: ಅಂಗಾಲು, ಕಾಲು ಜೋಮು ಇದ್ದರೆ ಸುಟ್ಟದ್ದು ತಿಳಿಯುವುದೇ ಇಲ್ಲ. ಹಳ್ಳಿಯಲ್ಲಿ ಬರೆ ಹಾಕಿಸಿಕೊಳ್ಳುವುದು, ಉಳುಕು ತೆಗೆಯುತ್ತೇನೆಂದು ಟೊಂಕ ತಿರುಚಿಸಿಕೊಳ್ಳುವುದು ಬೇಡವೇ ಬೇಡ.

ಅವ್ವ ಹೇಳಿದ ಕಟಿಬಸ್ತಿಯಲ್ಲಿ ತಪ್ಪಿಲ್ಲ. ಉದ್ದಿನ ಹಿಟ್ಟನ್ನು ರೊಟ್ಟಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಿ, ಟೊಂಕದ ಮೇಲೆ ಎರಡು ಬೆರಳೆತ್ತರದ ಬಳೆ ಕಟ್ಟಿ, ಅದರೊಳಗೆ ಬೆಚ್ಚಗಿನ ಎಣ್ಣೆ ಹೊಯ್ದು ಅರ್ಧ ತಾಸು ಆರದಂತೆ ಬದಲಿಸುತ್ತಾ ಇರುತ್ತಾರೆ. ಹಿಟ್ಟು ನೀರಾದರೆ ಬಳೆ ಕುಸಿಯುತ್ತದೆ, ಒಣಗಿದರೆ ಬಿರುಕಲ್ಲಿ ಎಣ್ಣೆ ಸೋರುತ್ತದೆ. ಅಂಚನ್ನು ಒದ್ದೆ ಬೆರಳಿಂದ ಚರ್ಮಕ್ಕೆ ಒತ್ತಿ ಮೆತ್ತಬೇಕು. ಎಣ್ಣೆಯ ಕಾವನ್ನು ಮಾಡುವವರು ತಮ್ಮ ಮುಂಗೈ ಹಿಂಬದಿಗೆ ಹಾಕಿ ನೋಡಿಯೇ ಹೊಯ್ಯಬೇಕು. ಸಿಗುವ ಲಾಭ ಮುಖ್ಯವಾಗಿ ಕಾವಿನದು. ದುಡ್ಡಿಲ್ಲದ ವಾರ ಬಿಸಿನೀರಿನ ರಬ್ಬರ್ ಚೀಲವನ್ನು ಟವೆಲ್ಲಿನಲ್ಲಿ ಸುತ್ತಿ 15 ನಿಮಿಷ ಇಟ್ಟರೂ ಹೆಚ್ಚು ಕಡಿಮೆ ಅಷ್ಟೇ ಹಿತ.

ಸೂಜಿಯ ದಿನದಿಂದಲೇ ಮನೆಯಲ್ಲಿ ಶುರು ಮಾಡಬೇಕಾದದ್ದು: ಚಾಪೆಯ ಮೇಲೆ ಬೋರಲು ಎರಡು ಮೂರು ನಿಮಿಷ; ಆಮೇಲೆ ಮೊಣಕೈ ಊರಿ ಎದೆ ಎತ್ತಿ ಎರಡು ನಿಮಿಷ; ಅದು ಸಲೀಸಾದರೆ ಅಂಗೈ ಊರಿ, ಸೊಂಟ ನೆಲಕ್ಕೇ ಬಿಟ್ಟು, ಎದೆ ಎತ್ತಿ ಇಳಿಸುವುದು, ಹತ್ತು ಸಲ. ದಿನಕ್ಕೆ ನಾಲ್ಕೈದು ಬಾರಿ. ಕಾಲಿನ ಜಗ್ಗಾಟ ಮೇಲಕ್ಕೆ ಸರಿದು ಟೊಂಕದಲ್ಲಿ ಬಂದು ನಿಂತರೆ, ಟೊಂಕ ತುಸು ಹೆಚ್ಚು ನೋಯುತ್ತಿದ್ದರೂ, ಹಾದಿ ಸರಿ ಇದೆ. ನೋವು ಕೆಳಗಿಳಿದು ಮೀನಖಂಡ ಹಿಡಿದರೆ ಅದನ್ನು ನಿಲ್ಲಿಸಿ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಬೆಳಗ್ಗೆ ಸಂಜೆ ಹತ್ತು ಹತ್ತು ನಿಮಿಷ ಸಮ ನೆಲದ ಮೇಲೆ ನಡೆದು, ವಾರಕ್ಕೆ ಐದು ನಿಮಿಷ ಏರಿಸಿ. ಕುಂಡಿಯ ಬಿಗಿತಕ್ಕೆ ಗೋಡೆಗೂ ಕುಂಡಿಗೂ ನಡುವೆ ಟೆನಿಸ್ ಚೆಂಡು ಇಟ್ಟು ನೋಯುವ ಗಂಟಿನ ಮೇಲೆ ಒಂದು ನಿಮಿಷ ಒರಗಿ. ಬೆನ್ನೆಲುಬಿನ ಮೇಲೆ ಮಾತ್ರ ಚೆಂಡು ಬೇಡ.

ಡೈಕ್ಲೋಫೆನಾಕ್ ಅಭ್ಯಾಸ ಬಿಡಿ. ಸಕ್ಕರೆ ಕಾಯಿಲೆ, ಬೆವರಿ ನೀರು ಕಡಿಮೆಯಾದ ಮೈ, ಮೇಲೆ ಈ ಗುಳಿಗೆ: ‘ಕಿಡ್ನಿ ವೀಕ್’ ಎಂಬುದನ್ನು ನಿಜ ಮಾಡುವ ದಾರಿ ಇದೇ. ಬೇಕೇ ಬೇಕಾದರೆ ಕ್ರಿಯಾಟಿನಿನ್ ತೋರಿಸಿ, ವೈದ್ಯರು ಹೇಳಿದಷ್ಟು ದಿನ, ಊಟದ ಮೇಲೆ. ಬೆಲ್ಟನ್ನು ಹಳೆಯ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಲ್ಲ. ಅದು ನೋವು ಮುಚ್ಚಿ ಭಾರ ಹೊರುವ ಧೈರ್ಯ ಕೊಡುತ್ತದೆ, ಅಲ್ಲೇ ಪೆಟ್ಟು.

ಆರು ಸಿಟ್ಟಿಂಗ್ ಮುಗಿಯುವ ಮೂರು ವಾರ ಚೀಲ ಹೊರಬೇಡಿ. ಮರಳಿದ ಮೇಲೂ ಎದ್ದ ಮೊದಲ ಒಂದು ತಾಸು ಭಾರ ಬೇಡ. ರಾತ್ರಿಯಿಡೀ ನೀರು ಹೀರಿ ಡಿಸ್ಕ್ ಆಗ ಉಬ್ಬಿರುತ್ತದೆ, ಬಗ್ಗಿದರೆ ಒತ್ತಡ ಹೆಚ್ಚು. ಐವತ್ತು ಕೆಜಿ ಚೀಲವನ್ನು ನೆಲದಿಂದ ಒಬ್ಬರೇ ಎತ್ತಬೇಡಿ, ಇಬ್ಬರು ಹಿಡಿದು ಹೆಗಲಿಗೇರಿಸಿ. ಲಾರಿ ಕಡೆ ತಿರುಗುವಾಗ ಟೊಂಕ ತಿರುಚದೆ ಪಾದ ತಿರುಗಿಸಿ. ‘ಹಗುರ ಕೆಲಸ’ ಅಂತ ಮುಕದ್ದಮ ನಿಮಗೆ ಚೀಲದ ಬಾಯಿ ಹೊಲಿಯಲು ಹಚ್ಚಿದರೆ ಒಪ್ಪಿಕೊಳ್ಳುವ ಮೊದಲು ಯೋಚಿಸಿ: ಅಲ್ಲಿ ಭಾರವಿಲ್ಲ, ಆದರೆ ದಿನವಿಡೀ ಬಗ್ಗಿಯೇ ನಿಲ್ಲಬೇಕು. ಕಾಟಾದ ಹತ್ತಿರ ತೂಕ ಬರೆದುಕೊಳ್ಳುವ ಕೆಲಸ ಕೇಳಿ ನೋಡಿ.